ಘಾಟಿ ಏರುವಾಗ ಎಳೆಯದ ಗಾಡಿ, ಇಳಿಯುವಾಗ ನಿಲ್ಲದ ಗಾಡಿ: ಕೊಡಗಿನ ರಸ್ತೆಯಲ್ಲಿ ಟರ್ಬೊ ಕಾರಿನ ದೋಷ ಹುಡುಕುವ ಬಗೆ

ಮೂರು ವರ್ಷದ ಹಿಂದೆ ಸಂಪಾಜೆ ಘಾಟಿ ಹತ್ತುವಾಗ ನನ್ನ ಗಾಡಿ ಇದ್ದಕ್ಕಿದ್ದಂತೆ ಎಳೆಯುವುದನ್ನು ಬಿಟ್ಟಿತು. ಇಂಜಿನ್ ಓಡುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪವೂ ಇರಲಿಲ್ಲ. ಆದರೆ ಎರಡನೇ ಗೇರಿನಲ್ಲಿ ಬೆನ್ನನ್ನು ಸೀಟಿಗೆ ಒತ್ತುವ ಆ ಎಳೆತ ಮಾಯವಾಗಿತ್ತು. ಒಂದು ದೊಡ್ಡ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ನೋಡಿ, ‘ಟರ್ಬೊ ಹೋಗಿದೆ, ಹೊಸದೇ ಹಾಕಬೇಕು’ ಅಂದರು. ಟರ್ಬೊ ಅಂದರೆ ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಪಂಪು. ಅವರು ಹೇಳಿದ ಮೊತ್ತ ನನ್ನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ ಇತ್ತು. ಕೊನೆಗೆ ಸಿಕ್ಕಿದ ದೋಷ ಯಾವುದು ಗೊತ್ತಾ? ಟರ್ಬೊ ಒತ್ತಿದ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರಿನ ಹೋಸಿನ ಒಂದು ಸಡಿಲ ಕ್ಲಿಪ್.

ಆವತ್ತಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಗಾಡಿ ಏನು ಹೇಳುತ್ತಿದೆ ಅಂತ ಮೊದಲು ಕೇಳಬೇಕು. ಖರ್ಚಿಲ್ಲದ ಪರೀಕ್ಷೆಯನ್ನು ಮೊದಲು ಮಾಡಬೇಕು. ಪಾರ್ಟ್ ಕೊಳ್ಳುವುದು ಕೊನೆಗೆ. ಈ ಬರಹ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಸೆಡಾನ್ ಇಟ್ಟುಕೊಂಡವರಿಗೆ. ಅದರಲ್ಲೂ ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಇಂಜಿನ್ ಕಂಪ್ಯೂಟರಿನ ಲೆಕ್ಕ, ಅಂದರೆ ಮ್ಯಾಪ್, ಬದಲಿಸುವುದು), ತಗ್ಗಿಸಿದ ಸ್ಪ್ರಿಂಗ್, ದೊಡ್ಡ ಫಿಲ್ಟರ್ ಹಾಕಿಸಿದವರಿಗೆ.

ಶುರು ಮಾಡುವ ಮುನ್ನ

ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಬರೆದುಕೊಳ್ಳಿ: ಎಲ್ಲಿ ಆಯಿತು, ಏರಿನಲ್ಲಾ ಇಳಿಜಾರಿನಲ್ಲಾ, ಇಂಜಿನ್ ತಣ್ಣಗಿತ್ತಾ ಬಿಸಿಯಾಗಿತ್ತಾ, ಮಳೆ ಇತ್ತಾ. ‘ಗಾಡಿ ಸರಿಯಿಲ್ಲ’ ಅಂದರೆ ಯಾವ ಮೆಕ್ಯಾನಿಕ್‌ಗೂ ಏನೂ ಗೊತ್ತಾಗುವುದಿಲ್ಲ. ‘ಬೆಳಿಗ್ಗೆ ಮಂಜಿನಲ್ಲಿ ಮೊದಲ ಐದು ನಿಮಿಷ ಮಿಸ್ಸಿಂಗ್ (ಇಂಜಿನ್ ತಡವರಿಸುವುದು), ಬಿಸಿಯಾದ ಮೇಲೆ ಸರಿ’ ಅಂದರೆ ಅರ್ಧ ಕೆಲಸ ಮುಗಿದ ಹಾಗೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಗಾಡಿಯ ಕಂಪ್ಯೂಟರಿನ ಅಂಕಿ, ದೋಷದ ಕೋಡ್ ಓದುವ, ಫೋನಿಗೆ ಜೋಡಿಸುವ ಒಬಿಡಿ ರೀಡರ್ (ಸ್ಕ್ಯಾನರ್), ಒಳ್ಳೆಯ ಟಾರ್ಚ್, ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು, ಮಲ್ಟಿಮೀಟರ್, ಟಾರ್ಕ್ ರೆಂಚ್ ಇದ್ದರೆ ಸಾಕು. ಜ್ಯಾಕ್ ಸ್ಟ್ಯಾಂಡ್ ಎರಡು ಬೇಕೇ ಬೇಕು.

ಇನ್ನೊಂದು ಸಮಸ್ಯೆ ಜಾಗದ್ದು. ನಮ್ಮಲ್ಲಿ ಮನೆ ಮುಂದೆ ಸಮತಟ್ಟು ನೆಲ ಸಿಗುವುದೇ ಕಷ್ಟ. ಇಳಿಜಾರಿನಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿದರೆ ಆಯಿಲ್ ಮಟ್ಟ ತಪ್ಪು ತೋರಿಸುತ್ತದೆ. ಅಲ್ಲೇ ಜ್ಯಾಕ್ ಕೊಟ್ಟರೆ ಗಾಡಿ ಜಾರುತ್ತದೆ. ಕಾಫಿ ಒಣಗಿಸುವ ಕಣವೇ ಸರಿಯಾದ ಜಾಗ. ಆದರೆ ಕೆಳಗೆ ದಪ್ಪ ಟಾರ್ಪಾಲ್ ಹಾಸಿ. ಆಯಿಲ್ ಬಿದ್ದ ಜಾಗದಲ್ಲಿ ಕಾಫಿ ಹರಡಿದರೆ ಬೀಜಕ್ಕೆ ವಾಸನೆ ಹಿಡಿಯುತ್ತದೆ, ಮನೆಯವರು ಮತ್ತೆ ಆ ಕಡೆ ಬಿಡುವುದಿಲ್ಲ. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಕಲ್ಲು, ಇಟ್ಟಿಗೆ ಸ್ಟ್ಯಾಂಡ್ ಆಗುವುದಿಲ್ಲ. ಇಟ್ಟಿಗೆ ಮುರಿಯುವಾಗ ಮುನ್ಸೂಚನೆ ಕೊಡುವುದಿಲ್ಲ.

ಏರಿನಲ್ಲಿ ಎಳೆಯುತ್ತಿಲ್ಲ, ದೀಪ ಹೊತ್ತಿಲ್ಲ

ಮೊದಲು ಒಂದು ಅನುಮಾನ ತೀರಿಸಿಕೊಳ್ಳಿ. ಇದು ದೋಷವೋ, ಎತ್ತರದ ಪರಿಣಾಮವೋ? ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಶೇಕಡ 12-13ರಷ್ಟು ಕಡಿಮೆ. ಟರ್ಬೊ ಇಲ್ಲದ ಇಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಟರ್ಬೊ ಇದ್ದರೆ ಅದು ಜೋರಾಗಿ ತಿರುಗಿ ಕೊರತೆ ತುಂಬಿಕೊಡುತ್ತದೆ. ಹಾಗಾಗಿ ಆರೋಗ್ಯವಾಗಿರುವ ಟರ್ಬೊ ಗಾಡಿ ಮಡಿಕೇರಿಯಲ್ಲಿ ಸ್ವಲ್ಪ ತಡವಾಗಿ ಎಳೆಯಬಹುದು. ಎಳೆಯದೇ ಇರುವುದಿಲ್ಲ.

ಈಗ ಒಬಿಡಿ ರೀಡರ್ ಜೋಡಿಸಿ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಒತ್ತಡ ಎಷ್ಟು ತೋರಿಸುತ್ತದೆ ನೋಡಿ. ಇಂಜಿನ್ ನಿಂತಿರುವಾಗ ಆ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಡಿಕೇರಿಯಲ್ಲಿ ಸುಮಾರು 88 ಕಿಲೋಪ್ಯಾಸ್ಕಲ್, ಮಂಗಳೂರಿನಲ್ಲಿ ಸುಮಾರು 101. ಮಡಿಕೇರಿಯಲ್ಲಿ ನಿಂತು 70 ಅಥವಾ 105 ಬಂದರೆ ಸೆನ್ಸರ್ ಅಥವಾ ಅದರ ವೈರಿಂಗ್ ಮೇಲೆ ಅನುಮಾನ ಪಡಿ. ಎರಡು ನಿಮಿಷದ ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಆದರೂ ಮಾಡುವವರು ಬಹಳ ಕಡಿಮೆ.

ಸೆನ್ಸರ್ ಸರಿಯಿದ್ದರೆ ಏರ್ ಫಿಲ್ಟರ್ ತೆಗೆದು ನೋಡಿ. ಬೇಸಿಗೆಯಲ್ಲಿ ತೋಟದ ಮಣ್ಣು ರಸ್ತೆಯಲ್ಲಿ ಓಡಾಡುವ ಗಾಡಿಗೆ ಕಂಪನಿ ಹೇಳಿದ ಅವಧಿಯವರೆಗೆ ಫಿಲ್ಟರ್ ಬಾಳುವುದಿಲ್ಲ. ಎಣ್ಣೆ ಹಚ್ಚುವ ಬಟ್ಟೆ ಫಿಲ್ಟರ್ ಹಾಕಿಸಿದ್ದರೆ ಎಣ್ಣೆ ಜಾಸ್ತಿ ಆಗಿದೆಯಾ ನೋಡಿ. ಗಾಳಿ ಅಳೆಯುವ ಸೆನ್ಸರ್ ಇರುವ ಗಾಡಿಗಳಲ್ಲಿ ಆ ಎಣ್ಣೆ ಹಾರಿ ಸೆನ್ಸರಿನ ತಂತಿಗೆ ಅಂಟುತ್ತದೆ, ಲೆಕ್ಕ ತಪ್ಪುತ್ತದೆ.

ನಂತರ ಹೋಸುಗಳು. ಇಂಜಿನ್ ತಣ್ಣಗಾದ ಮೇಲೆ ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಥ್ರಾಟಲ್‌ಗೆ ಹೋಗುವ ಪ್ರತಿ ಹೋಸನ್ನೂ ಕೈಯಲ್ಲಿ ಹಿಡಿದು ತಿರುಚಿ. ಜೋಡಣೆಯ ಹತ್ತಿರ ಎಣ್ಣೆಯ ಪಸೆ, ಅದರ ಮೇಲೆ ಕೆಂಪು ಧೂಳು ಅಂಟಿದ್ದರೆ ಗಾಳಿ ಅಲ್ಲಿಂದ ಸೋರುತ್ತಿರಬಹುದು. ಎಳೆಯುವಾಗ ‘ಸ್ಸ್’ ಅಂತ ಸದ್ದು ಬಂದು, ಆಕ್ಸಿಲರೇಟರ್ ಬಿಟ್ಟ ಕೂಡಲೇ ನಿಂತರೆ ಅದೂ ಇದೇ ಕಥೆ. ಸ್ಕ್ಯಾನರಿನಲ್ಲಿ ಪಿ0299 ಕೋಡ್ ಬಂದಿದ್ದರೆ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಕಡಿಮೆ ಅಂತ ಅರ್ಥ. ಟರ್ಬೊ ಹೋಗಿದೆ ಅಂತಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ಒಳ್ಳೆಯ ಟರ್ಬೊ ಬಿಚ್ಚಿಸಿದ್ದಾರೆ.

ಕಣ್ಣಿಗೆ ಏನೂ ಕಾಣದಿದ್ದರೆ ಒತ್ತಡ ಕೊಟ್ಟು ನೋಡಬೇಕು. ನನ್ನ ಗಾಡಿಯ ಸೋರಿಕೆ ಹಿಡಿದದ್ದು ಸಂಪಾಜೆ ಕಡೆಯ ಒಬ್ಬ ಹಳೇ ಮೆಕ್ಯಾನಿಕ್. ಅವರು ನೀರಿನ ಪೈಪಿಗೆ ಹಾಕುವ ಪಿವಿಸಿ ಮುಚ್ಚಳಕ್ಕೆ ತೂತು ಕೊರೆದು, ಅದಕ್ಕೆ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿಕೊಂಡಿದ್ದರು. ಏರ್ ಫಿಲ್ಟರ್ ಬಿಚ್ಚಿ, ಟರ್ಬೊ ಬಾಯಿಗೆ ಹೋಗುವ ಹೋಸಿಗೆ ಆ ಮುಚ್ಚಳ ತೂರಿಸಿ ಕ್ಲಿಪ್ ಬಿಗಿದರು. ಕಾಲಿನ ಪಂಪಿನಿಂದ ಗಾಳಿ ತುಂಬಿದರು. ಆಮೇಲೆ ಒಂದೊಂದು ಜೋಡಣೆಗೂ ಸೋಪಿನ ನೀರು ಹೊಡೆಯುತ್ತಾ ಬಂದರು. ಮೂರನೇ ಜೋಡಣೆಯಲ್ಲಿ ನೊರೆ ಸುಮ್ನೆ ಕೂರಲಿಲ್ಲ. ಕ್ಲಿಪ್ಪಿನ ಅಡಿಯಿಂದ ಕಾಫಿ ಹಣ್ಣಿನ ಗಾತ್ರದ ಗುಳ್ಳೆ ಎದ್ದಿತು, ಒಡೆಯಿತು, ಅದರ ಜಾಗದಲ್ಲಿ ಇನ್ನೊಂದು ಎದ್ದಿತು. ‘ಟರ್ಬೊಗೆ ಎಂತ ಆಗಿಲ್ಲ ಅಣ್ಣ. ಗಾಳಿ ಇಲ್ಲಿಂದ ಹೋಗ್ತಾ ಉಂಟು,’ ಅಂದರು. ಹಳೇ ಸ್ಕ್ರೂ ಕ್ಲಿಪ್ ತೆಗೆದು ಬೋಲ್ಟ್ ಬಿಗಿಯುವ ಅಗಲ ಕ್ಲಾಂಪ್ ಹಾಕಿದರು. ಆ ಸಂಜೆ ಅದೇ ಏರನ್ನು ಹತ್ತುವಾಗ ಗಾಡಿ ಎಳೆದ ರೀತಿ ಇನ್ನೂ ನೆನಪಿದೆ.

ಇದನ್ನು ಮನೆಯಲ್ಲಿ ಮಾಡುವುದಾದರೆ 10 ಪಿಎಸ್‌ಐ ದಾಟಬೇಡಿ. ಜಾಸ್ತಿ ಒತ್ತಡ ಕೊಟ್ಟರೆ ಇಂಜಿನ್ನಿನ ಸೀಲುಗಳು ಹಾಳಾಗುತ್ತವೆ. ಮುಚ್ಚಳದ ಎದುರು ಮುಖ ಇಟ್ಟು ನಿಲ್ಲಬೇಡಿ, ಕ್ಲಿಪ್ ಜಾರಿದರೆ ಅದು ಗುಂಡಿನ ಹಾಗೆ ಹಾರುತ್ತದೆ.

ಹೋಸು ಸರಿಯಿದ್ದರೆ, ಟರ್ಬೊದ ಒತ್ತಡ ಮಿತಿಯಲ್ಲಿಡುವ ವೇಸ್ಟ್‌ಗೇಟನ್ನು ತೆರೆದು ಮುಚ್ಚುವ ಆಕ್ಚುಯೇಟರಿಗೆ ಹೋಗುವ ಸಣ್ಣ ನಳಿಕೆ ನೋಡಿ. ಇಲಿ ಕಚ್ಚಿರುವ ಸಾಧ್ಯತೆ ತೋಟದ ಮನೆಗಳಲ್ಲಿ ಬಹಳ. ಆಕ್ಚುಯೇಟರಿನ ಕಡ್ಡಿ ತುಕ್ಕು ಹಿಡಿದು ಅರ್ಧಕ್ಕೇ ನಿಂತಿರಬಹುದು. ಆಮೇಲೆ, ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಾದ ಗಾಳಿಯನ್ನು ಹೊರಳಿಸುವ ಡೈವರ್ಟರ್ ವಾಲ್ವ್. ಅದರೊಳಗಿನ ರಬ್ಬರ್ ಪದರ ಹರಿದರೆ ತುಂಬಿಕೊಂಡ ಗಾಳಿ ವಾಪಸ್ ಹಿಂದಕ್ಕೇ ಹೋಗುತ್ತದೆ. ಇವೆಲ್ಲ ದಾಟಿದ ಮೇಲೆಯೇ ಟರ್ಬೊದ ಸರದಿ.

ಟರ್ಬೊವೇ ಕೆಟ್ಟಿದ್ದರೆ ಅದಕ್ಕೆ ಬೇರೆ ಗುರುತುಗಳಿವೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು ಮತ್ತೆ ಒತ್ತಿದಾಗ ನೀಲಿ ಹೊಗೆ. ವೇಗ ಹೆಚ್ಚಿದಂತೆ ಏರುವ ಸೈರನ್ ತರಹದ ಕೂಗು. ಡಿಪ್‌ಸ್ಟಿಕ್‌ನಲ್ಲಿ ಬೇಗ ಬೇಗ ಇಳಿಯುವ ಆಯಿಲ್. ಮೂರರಲ್ಲಿ ಎರಡು ಕಂಡರೂ ಗಾಡಿ ಓಡಿಸಬೇಡಿ, ಎತ್ತಿಸಿಕೊಂಡು ಹೋಗಿ. ಟರ್ಬೊದ ರೆಕ್ಕೆ ಮುರಿದು ಚೂರು ಒಳಗೆ ಹೋದರೆ ಟರ್ಬೊ ಖರ್ಚಿನ ಜೊತೆ ಇಂಜಿನ್ ಖರ್ಚೂ ಸೇರುತ್ತದೆ.

ಬೆಳಗಿನ ಮಂಜಿನಲ್ಲಿ ಮಿಸ್ಸಿಂಗ್

ಇಂಜಿನ್ ತೇವಗೊಂಡಾಗ ಮಾತ್ರ ಮಿಸ್ಸಿಂಗ್ ಆಗಿ, ಬಿಸಿಯಾದ ಮೇಲೆ ಸರಿಹೋದರೆ ಮೊದಲ ಅನುಮಾನ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ಮತ್ತು ಅದರ ರಬ್ಬರ್ ಬೂಟ್ ಮೇಲೆ. ಬೂಟಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಒಳಗೆ ತೇವ ಕೂತು ಕಿಡಿ ಪ್ಲಗ್ಗಿಗೆ ಹೋಗದೆ ಪಕ್ಕದ ಲೋಹಕ್ಕೆ ಹಾರುತ್ತದೆ. ಅದು ಹಾರಿದ ದಾರಿಯಲ್ಲಿ ಪೆನ್ಸಿಲ್ ಗೆರೆಯಂತಹ ಗುರುತು ಉಳಿಯುತ್ತದೆ. ಟಾರ್ಚ್ ಹಿಡಿದು ಹುಡುಕಿದರೆ ಕಾಣುತ್ತದೆ.

ಯಾವ ಸಿಲಿಂಡರ್ ಅಂತ ಸ್ಕ್ಯಾನರ್ ಹೇಳುತ್ತದೆ. ಪಿ0301 ಅಂದರೆ ಒಂದನೇ ಸಿಲಿಂಡರ್, ಪಿ0302 ಅಂದರೆ ಎರಡನೆಯದು. ಎರಡನೆಯದು ಅಂತ ಬಂದರೆ ಅದರ ಕಾಯಿಲ್ ತೆಗೆದು ಮೂರನೆಯದರ ಜಾಗಕ್ಕೆ ಹಾಕಿ, ಮೂರರದ್ದನ್ನು ಎರಡಕ್ಕೆ ಹಾಕಿ. ಕೋಡ್ ಅಳಿಸಿ ಓಡಿಸಿ. ಈಗ ಪಿ0303 ಬಂದರೆ ಕಾಯಿಲ್ ಹೋಗಿದೆ. ಪಿ0302 ಹಾಗೇ ಇದ್ದರೆ ಕಾಯಿಲ್ ತಪ್ಪಲ್ಲ. ಅದೇ ರೀತಿ ಪ್ಲಗ್ ಅದಲುಬದಲು ಮಾಡಿ ನೋಡಿ. ಅದೂ ಅಲ್ಲದಿದ್ದರೆ ಇಂಜೆಕ್ಟರ್, ಕಂಪ್ರೆಶನ್. ಅಲ್ಲಿಂದ ಮುಂದೆ ಗ್ಯಾರೇಜಿನ ಕೆಲಸ.

ರೀಮ್ಯಾಪ್ ಮಾಡಿಸಿದವರಿಗೆ ಒಂದು ಮಾತು. ಬೂಸ್ಟ್ ಜಾಸ್ತಿಯಾದರೆ ಸಿಲಿಂಡರಿನೊಳಗಿನ ಒತ್ತಡ ಏರುತ್ತದೆ, ಕಿಡಿ ಹಾರುವುದು ಕಷ್ಟವಾಗುತ್ತದೆ. ಹಳೇ ಪ್ಲಗ್, ಅದರ ತುದಿಯಲ್ಲಿ ಅಗಲವಾದ ಗ್ಯಾಪ್ ಇದ್ದರೆ ಫುಲ್ ಎಳೆತದಲ್ಲಿ ಮಾತ್ರ ಗಾಡಿ ತೊದಲುತ್ತದೆ. ಗ್ಯಾಪ್ ಎಷ್ಟಿರಬೇಕು ಅಂತ ಮ್ಯಾಪ್ ಬರೆದವರನ್ನೇ ಕೇಳಿ. ಪ್ಲಗ್ ಬಿಚ್ಚುವುದು, ಹಾಕುವುದು ತಣ್ಣಗಿನ ಇಂಜಿನ್ನಿನಲ್ಲಿ ಮಾತ್ರ. ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಿ, ಕೊನೆಯಲ್ಲಿ ಟಾರ್ಕ್ ರೆಂಚ್ ಬಳಸಿ. ಅಲ್ಯೂಮಿನಿಯಂ ಹೆಡ್ಡಿನ ಎಳೆ ಹಾಳಾದರೆ ರಿಪೇರಿ ದೊಡ್ಡದು.

ಚೆಕ್ ಇಂಜಿನ್ ದೀಪ ಸುಮ್ನೆ ಹೊತ್ತಿದ್ದರೆ ನಿಧಾನಕ್ಕೆ ಮನೆ ಮುಟ್ಟಬಹುದು. ಮಿಣುಕುತ್ತಿದ್ದರೆ ಮಾತ್ರ ಬೇರೆ ಮಾತು. ಸುಡದ ಪೆಟ್ರೋಲ್ ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಉರಿಯುತ್ತಿದೆ ಅಂತ ಅರ್ಥ. ಕನ್ವರ್ಟರ್ ಕೆಂಪಗೆ ಕಾಯುತ್ತದೆ. ಆಗ ಒಣ ಹುಲ್ಲು, ತರಗೆಲೆ ಇರುವ ಕಡೆ ನಿಲ್ಲಿಸಬೇಡಿ. ಫೆಬ್ರವರಿ, ಮಾರ್ಚ್‌ನ ತೋಟದಲ್ಲಿ ಒಂದು ಕಿಡಿ ಸಾಕು.

ಎಳೆಯುವಾಗ ಇಂಜಿನ್ನಿನಿಂದ ಕಟಕಟ

ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂತಹ ಸದ್ದು. ಏರಿನಲ್ಲಿ, ದೊಡ್ಡ ಗೇರಿನಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಬರುತ್ತದೆ. ಕಿಡಿ ಹಾರಿದ ಮೇಲೆ ಹದವಾಗಿ ಉರಿಯಬೇಕಾದ ಪೆಟ್ರೋಲ್ ಒಂದು ಮೂಲೆಯಲ್ಲಿ ತಾನಾಗಿಯೇ ಸಿಡಿಯುವ ಸದ್ದದು. ಮೊದಲು ಕಾಲು ಎತ್ತಿ, ಗೇರ್ ಇಳಿಸಿ. 1,500 ಆರ್‌ಪಿಎಂನಲ್ಲಿ ಐದನೇ ಗೇರ್ ಹಾಕಿಕೊಂಡು ಘಾಟಿಯಲ್ಲಿ ಪೂರ್ತಿ ಒತ್ತುವುದು ಸಣ್ಣ ಟರ್ಬೊ ಇಂಜಿನ್ನಿಗೆ ಅತಿ ಕೆಟ್ಟ ಅಭ್ಯಾಸ. ಕಡಿಮೆ ಸುತ್ತಿನಲ್ಲಿ ಕಿಡಿಗೂ ಮೊದಲೇ ಸಿಡಿತ ಆದರೆ ಪಿಸ್ಟನ್ನೇ ಒಡೆಯಬಹುದು.

ಆಮೇಲೆ ಪೆಟ್ರೋಲ್ ಯೋಚಿಸಿ. ನಿಮ್ಮ ಮ್ಯಾಪ್ ಯಾವ ಆಕ್ಟೇನಿಗೆ (ತಾನಾಗಿ ಸಿಡಿಯದೆ ತಡೆಯುವ ಪೆಟ್ರೋಲಿನ ಗುಣದ ಅಳತೆ) ಬರೆದದ್ದು? ಬೆಂಗಳೂರಿನಲ್ಲಿ ಪ್ರೀಮಿಯಂ ಹಾಕಿ ಟ್ಯೂನ್ ಮಾಡಿಸಿ, ಊರಿಗೆ ಬಂದು ಸಿಕ್ಕಿದ್ದು ಹಾಕಿದರೆ ಇದೇ ಸದ್ದು. ಒಳ್ಳೆಯ ಟ್ಯೂನರ್ ಎರಡು ಮ್ಯಾಪ್ ಕೊಡುತ್ತಾರೆ, ಕೇಳಿ ಪಡೆಯಿರಿ. ಎರಡು ಟ್ಯಾಂಕ್ ಒಳ್ಳೆಯ ಪೆಟ್ರೋಲ್ ಹಾಕಿದ ಮೇಲೂ, ಗೇರ್ ಸರಿಯಾಗಿ ಬಳಸಿದರೂ ಸದ್ದು ಹೋಗದಿದ್ದರೆ ಸ್ಟಾಕ್ ಮ್ಯಾಪಿಗೆ, ಅಂದರೆ ಕಂಪನಿಯ ಮೂಲ ಮ್ಯಾಪಿಗೆ, ವಾಪಸ್ ಹೋಗಿ. ಸ್ಟಾಕ್‌ನಲ್ಲೂ ಸದ್ದಿದ್ದರೆ ದೋಷ ಇಂಜಿನ್ನಿನಲ್ಲಿದೆ.

ಇಂಜಿನ್ ಬಿಸಿಯ ಸೂಜಿ ಮೇಲೇರುತ್ತಿದೆ

ಮೊದಲು ಎಸಿ ಆರಿಸಿ. ಹೀಟರ್ ಫುಲ್ ಹಾಕಿ, ಕಿಟಕಿ ಇಳಿಸಿ. ಸೂಜಿ ಇಳಿದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ. ಇಳಿಯದೆ ಕೆಂಪಿಗೆ ಮುಟ್ಟಿದರೆ ಅಲ್ಲೇ ನಿಲ್ಲಿಸಿ ಇಂಜಿನ್ ಆಫ್ ಮಾಡಿ.

ಬಿಸಿ ಇರುವಾಗ ಕೂಲೆಂಟ್ ಮುಚ್ಚಳ ತೆರೆಯಬೇಡಿ. ಒಂದು ಗಂಟೆ ಕಾಯಿರಿ. ಮುಖ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ.

ತಣ್ಣಗಾದ ಮೇಲೆ ಕೂಲೆಂಟ್ ಮಟ್ಟ, ನಂತರ ಮುಚ್ಚಳದ ರಬ್ಬರ್ ನೋಡಿ. ಮುಚ್ಚಳ ಸಣ್ಣ ಸಾಮಾನು ಅನಿಸಬಹುದು. ಮಡಿಕೇರಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಇಂಜಿನ್ 90ರಿಂದ 105ರ ನಡುವೆ ಕೆಲಸ ಮಾಡುತ್ತದೆ. ಒತ್ತಡ ಹಿಡಿಯದ ಮುಚ್ಚಳ ಇದ್ದರೆ ಏನಾಗುತ್ತದೆ ಅಂತ ನೀವೇ ಊಹಿಸಿ. ಬರೀ ನೀರು ತುಂಬಿಸಿ ಓಡಿಸುವುದೂ ಇದೇ ಕಾರಣಕ್ಕೆ ತಪ್ಪು.

ನಿಂತಾಗ ಬಿಸಿಯಾಗಿ, ಓಡುವಾಗ ಸರಿಯಿದ್ದರೆ ಫ್ಯಾನ್ ಅಥವಾ ಅದರ ಫ್ಯೂಸ್, ರಿಲೇ. ಓಡುವಾಗ, ಅದರಲ್ಲೂ ಏರಿನಲ್ಲಿ ಬಿಸಿಯಾದರೆ ರೇಡಿಯೇಟರ್ ಕಟ್ಟಿದೆ ಅಥವಾ ಥರ್ಮೋಸ್ಟಾಟ್ ತೆರೆಯುತ್ತಿಲ್ಲ. ದೊಡ್ಡ ಇಂಟರ್‌ಕೂಲರ್ ಹಾಕಿಸಿದವರು ಅದರ ಹಿಂದೆ ಟಾರ್ಚ್ ಬಿಟ್ಟು ನೋಡಿ. ಹುಳು, ಎಲೆ, ಮಣ್ಣು ಸೇರಿ ಹಪ್ಪಳದ ಹಾಗೆ ಪದರ ಕಟ್ಟಿರುತ್ತದೆ. ಮೆಲ್ಲಗೆ ನೀರು ಹಾಯಿಸಿ. ಪ್ರೆಶರ್ ವಾಶರ್ ಹಿಡಿದರೆ ರೇಡಿಯೇಟರಿನ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಕೂಲೆಂಟ್ ಪದೇ ಪದೇ ಕಡಿಮೆಯಾಗುತ್ತಿದೆ, ಹೊರಗೆ ಸೋರಿಕೆ ಕಾಣುತ್ತಿಲ್ಲ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದೆ ಅಂದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ. ಗಾಡಿ ಓಡಿಸಬೇಡಿ.

ಇಳಿಜಾರಿನಲ್ಲಿ ಬ್ರೇಕ್ ಹಿಡಿಯುತ್ತಿಲ್ಲ

ಎಳೆಯದ ಗಾಡಿ ಮನೆಗೆ ತಡವಾಗಿ ಮುಟ್ಟಿಸುತ್ತದೆ. ನಿಲ್ಲದ ಗಾಡಿ ಮುಟ್ಟಿಸುವುದೇ ಇಲ್ಲ. ರೀಮ್ಯಾಪಿಗೆ ದುಡ್ಡು ಕೊಡುವವರು ಮೊದಲು ಬ್ರೇಕಿಗೆ ಖರ್ಚು ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಪೆಡಲ್ ಹೇಗಿದೆ ಅನ್ನುವುದರಲ್ಲೇ ಉತ್ತರ ಇದೆ. ಪೆಡಲ್ ಗಟ್ಟಿಯಾಗಿದೆ, ಒತ್ತುತ್ತೀರಿ, ಸುಟ್ಟ ವಾಸನೆ ಬರುತ್ತಿದೆ, ಗಾಡಿ ನಿಲ್ಲುತ್ತಿಲ್ಲ: ಪ್ಯಾಡ್ ಅತಿಯಾಗಿ ಕಾದಿದೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗಿ ಕೆಳಕ್ಕೆ ಹೋಗುತ್ತಿದೆ: ಬ್ರೇಕ್ ಆಯಿಲ್ ಕುದಿದು ಒಳಗೆ ಆವಿಯ ಗುಳ್ಳೆ ಆಗಿದೆ. ಎರಡನೆಯದು ಹೆಚ್ಚು ಅಪಾಯ. ಆಯಿಲ್ ಸೋರಿಹೋಗಿದ್ದರೂ ಪೆಡಲ್ ಹೀಗೇ ಕೆಳಗೆ ಹೋಗುತ್ತದೆ. ಹಾಗಾಗಿ ನಿಂತ ಮೇಲೆ ಡಬ್ಬಿಯ ಮಟ್ಟ, ಚಕ್ರದ ಒಳಭಾಗ ನೋಡದೆ ಮುಂದೆ ಹೋಗಬೇಡಿ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಈ ಅಂಕಿಗಳು 260 ಮತ್ತು 180. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಕೂಡ ಒಣಗದ ಊರು ನಮ್ಮದು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತಾರೆ. ಘಾಟಿಯಲ್ಲಿ ಜೋರಾಗಿ ಓಡಿಸುವವರು ವರ್ಷಕ್ಕೊಮ್ಮೆ ಬದಲಿಸಿ. ನಾನು ಕಕ್ಕಡದ (ಆಟಿ ತಿಂಗಳ) ಮಳೆ ಮುಗಿದು, ಸೆಪ್ಟೆಂಬರ್ ಶುರುವಿನ ಕೈಲ್ ಮುಹೂರ್ತ ಹಬ್ಬ ಕಳೆದ ವಾರವೇ ಮಾಡಿಸುತ್ತೇನೆ, ದಿನ ಮರೆಯುವುದಿಲ್ಲ. ಹೆಸರು ಒಂದೇ ತರಹ ಇದೆ ಅಂತ ಡಾಟ್ 5 ಸುರಿಯಬೇಡಿ. ಅದು ಸಿಲಿಕೋನ್, ಉಳಿದವುಗಳ ಜೊತೆ ಬೆರೆಯುವುದಿಲ್ಲ.

ಇಳಿಯುವಾಗಲೇ ಹೀಗಾದರೆ ಗೇರ್ ಒಂದೊಂದಾಗಿ ಇಳಿಸಿ, ಇಂಜಿನ್ನಿನಿಂದಲೇ ವೇಗ ಹಿಡಿಯಿರಿ. ಪೆಡಲ್ ಮೆತ್ತಗಿದ್ದರೆ ಬೇಗ ಬೇಗ ಪಂಪ್ ಮಾಡಿ. ಹ್ಯಾಂಡ್‌ಬ್ರೇಕನ್ನು ಬಟನ್ ಒತ್ತಿಕೊಂಡೇ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ನಿಂತ ಮೇಲೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಅರ್ಧ ಗಂಟೆ ಬಿಟ್ಟು ಪೆಡಲ್ ಮತ್ತೆ ಗಟ್ಟಿಯಾದರೂ ನಂಬಬೇಡಿ. ಕುದಿದ ಆಯಿಲನ್ನು ಪೂರ್ತಿ ಬದಲಿಸುವ ತನಕ ಅದು ಮತ್ತೆ ಕೈಕೊಡುತ್ತದೆ.

ಪೆಡಲ್ ಯಾವಾಗಲೂ ಕಲ್ಲಿನ ಹಾಗೆ ಗಟ್ಟಿ ಇದ್ದರೆ ಬ್ರೇಕ್ ಬೂಸ್ಟರ್ ನೋಡಿ. ಇಂಜಿನ್ ಆಫ್ ಇರುವಾಗ ಐದಾರು ಸಲ ಒತ್ತಿ, ಕೊನೆಗೆ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಕಾಲಡಿಯಲ್ಲಿ ಸ್ವಲ್ಪ ಕುಸಿಯಬೇಕು. ಕುಸಿಯದಿದ್ದರೆ ಬೂಸ್ಟರ್ ಅಥವಾ ಅದರ ವ್ಯಾಕ್ಯೂಮ್ ಹೋಸಿನಲ್ಲಿ ದೋಷ.

ಗಾಡಿ ಒಂದು ಕಡೆ ಎಳೆದರೆ, ಒಂದೇ ಚಕ್ರ ಜಾಸ್ತಿ ಬಿಸಿಯಾದರೆ ಕ್ಯಾಲಿಪರಿನ ಪಿನ್ ತುಕ್ಕಿಗೆ ಕಚ್ಚಿದೆ. ಬಿಚ್ಚಿ, ಉಜ್ಜಿ, ಬ್ರೇಕ್ ಗ್ರೀಸ್ ಹಚ್ಚಿದರೆ ಸಾಕಾಗುತ್ತದೆ. ಮಳೆಯ ಮಾರನೇ ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಬರುವ ಕರಕರ ಸದ್ದಿಗೆ ಚಿಂತೆ ಬೇಡ, ಡಿಸ್ಕಿನ ಮೇಲಿನ ತುಕ್ಕು ಉಜ್ಜಿಹೋಗುವ ಸದ್ದದು. ಸದ್ದು ನಿಲ್ಲದಿದ್ದರೆ ಪ್ಯಾಡ್ ದಪ್ಪ ನೋಡಿ.

ಕಾಡಿನ ರಸ್ತೆಯಲ್ಲಿ ಕೆಟ್ಟು ನಿಂತರೆ

ತಿತಿಮತಿ, ಆನೆಚೌಕೂರು ಕಡೆ ಅಥವಾ ಮಾಕುಟ್ಟದ ಕಾಡಿನಲ್ಲಿ ಕತ್ತಲಾದ ಮೇಲೆ ಗಾಡಿ ನಿಂತರೆ ರಿಪೇರಿ ಯೋಚನೆ ಬಿಡಿ. ಹಜಾರ್ಡ್ ಲೈಟ್ ಹಾಕಿ ಒಳಗೇ ಇರಿ. ಬಾನೆಟ್ ಎತ್ತಿ ತಲೆ ಒಳಗೆ ಹಾಕಿದರೆ ಹಿಂದೆ ಆನೆ ಬಂದದ್ದು ಗೊತ್ತಾಗುವುದಿಲ್ಲ. ಮಾಕುಟ್ಟ ಘಾಟಿಯಲ್ಲಿ ಹಲವು ಕಡೆ ನೆಟ್‌ವರ್ಕ್ ಸಿಗುವುದಿಲ್ಲ. ಘಾಟಿಗೆ ಮುಂಚೆ ಸಿಗುವ ಪೆರುಂಬಾಡಿ ದಾಟುವ ಮುನ್ನವೇ ಗಾಡಿಯಲ್ಲಿ ಅನುಮಾನ ಇದ್ದರೆ ವಾಪಸ್ ತಿರುಗಿ. ಬಸ್ಸು, ಲಾರಿಯವರು ನಿಲ್ಲಿಸಿ ಸಹಾಯ ಮಾಡುತ್ತಾರೆ, ಅವರ ಹತ್ತಿರ ಮನೆಗೆ ಸುದ್ದಿ ಕಳಿಸಬಹುದು.

ಗುಂಡಿಗೆ ಬಿದ್ದಾಗ ಟಕ್, ತಿರುವಿನಲ್ಲಿ ಗುಂಯ್

ತಗ್ಗಿಸಿದ ಗಾಡಿಗೆ ಮಳೆಗಾಲದ ರಸ್ತೆ ಬಲು ಕಷ್ಟ. ಸಣ್ಣ ಗುಂಡಿಗೂ ಟಕ್ ಟಕ್ ಅಂದರೆ ಮೊದಲು ಲಿಂಕ್ ರಾಡ್ ನೋಡಿ. ಅಗ್ಗದ ಪಾರ್ಟ್, ಹೆಚ್ಚು ಸಲ ಹೋಗುವುದೂ ಅದೇ. ದೊಡ್ಡ ಗುಂಡಿಗೆ ಮಾತ್ರ ದಡ್ ಅಂದರೆ ಲೋವರ್ ಆರ್ಮ್ ಬುಷ್ ಅಥವಾ ಶಾಕ್ ಕೊನೆಯವರೆಗೆ ಕುಸಿದು ಬಡಿಯುತ್ತಿದೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಟಣ್ ಅಂದರೆ ಸ್ಟ್ರಟ್ ಮೌಂಟ್.

ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡ ಬಲ ಹಿಡಿದಾಗ ಮಾತ್ರ ಆಟ ಇದ್ದರೆ ಟೈ ರಾಡ್ ಎಂಡ್. ಬಾಲ್ ಜಾಯಿಂಟ್, ಟೈ ರಾಡ್ ಸಡಿಲ ಕಂಡರೆ ಗಾಡಿ ಅಲ್ಲೇ ಇರಲಿ. ಅವು ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ, ಸ್ಟೀರಿಂಗ್ ಇದ್ದೂ ಇಲ್ಲದ ಹಾಗೆ.

ವೇಗದ ಜೊತೆ ಏರುವ ಗುಂಯ್ ಸದ್ದು ಎಡ ತಿರುವಿನಲ್ಲಿ ಜೋರಾದರೆ ಬಲಗಡೆಯ ಬೇರಿಂಗ್ ನೋಡಿ. ತೂಕ ಹೊರಗಿನ ಚಕ್ರಕ್ಕೆ ಹೋಗುತ್ತದೆ ಅಲ್ವಾ, ಸೋತ ಬೇರಿಂಗ್ ಆಗ ಕೂಗುತ್ತದೆ. ಟೈರಿನ ಒಳ ಅಂಚು ಮಾತ್ರ ಸವೆದಿದ್ದರೆ ಸ್ಪ್ರಿಂಗ್ ಹಾಕಿದ ಮೇಲೆ ಅಲೈನ್‌ಮೆಂಟ್ ಮಾಡಿಸಿಲ್ಲ ಅಂತ ಲೆಕ್ಕ. ಹೊಸ ಅಲಾಯ್ ಹಾಕಿದರೆ 50-100 ಕಿಲೋಮೀಟರ್ ಓಡಿಸಿ ಬೋಲ್ಟ್ ಮತ್ತೊಮ್ಮೆ ಟಾರ್ಕ್ ಮಾಡಿ.

ಕಾನೂನಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಇನ್ಶೂರೆನ್ಸ್‌ನವರಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ದಿನ ನಿಮ್ಮ ಮೇಲೆಯೇ ಬೀಳಬಹುದು.

ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ

ಕ್ಲಚ್ ಜಾರುತ್ತಿದೆ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್, 2,000 ಆರ್‌ಪಿಎಂ, ಒಂದೇ ಸಲ ಪೂರ್ತಿ ಒತ್ತಿ. ಸೂಜಿ ಮುಂದೆ ಓಡಿ ಗಾಡಿ ಹಿಂದೆ ಉಳಿದರೆ ಖಾತ್ರಿ. ಒಂದೇ ಸಲ ಸಾಕು, ಮತ್ತೆ ಮತ್ತೆ ಮಾಡಿ ಉಳಿದ ಕ್ಲಚ್ಚನ್ನೂ ಸುಡಬೇಡಿ. ರೀಮ್ಯಾಪ್ ಆದ ತಿಂಗಳಲ್ಲೇ ಹೀಗಾದರೆ ಕ್ಲಚ್ ಮೊದಲೇ ಸವೆದಿತ್ತು, ಹೆಚ್ಚಿದ ಟಾರ್ಕ್ ಅದನ್ನು ತೋರಿಸಿತು ಅಷ್ಟೇ.

ಹದಿನೈದು ದಿನ ನಿಂತ ಗಾಡಿ ಸ್ಟಾರ್ಟ್ ಆಗುತ್ತಿಲ್ಲ

ಮಲ್ಟಿಮೀಟರ್ ಹಿಡಿಯಿರಿ. ಬ್ಯಾಟರಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರಬೇಕು. ಬ್ಯಾಟರಿ ಸರಿಯಿದ್ದರೆ ಬಾನೆಟ್ ಕೆಳಗೆ ಇಲಿಯ ಹಿಕ್ಕೆ, ಹುಲ್ಲು, ಕತ್ತರಿಸಿದ ವೈರ್ ಹುಡುಕಿ. ಹಿಕ್ಕೆ ಕಂಡರೆ ಕೈಗವಸು, ಮಾಸ್ಕ್ ಹಾಕಿಕೊಂಡೇ ತೆಗೆಯಿರಿ. ಇಲಿಯಿಂದ ಇಲಿಜ್ವರ ಬರುತ್ತದೆ. ಕತ್ತರಿಸಿದ ವೈರಿಗೆ ಬರೀ ಟೇಪ್ ಸುತ್ತಿದರೆ ಮುಂದಿನ ಮಳೆಗೆ ತುಕ್ಕು ಹಿಡಿಯುತ್ತದೆ. ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಹಾಕಿ. ಏರ್‌ಬ್ಯಾಗಿಗೆ ಹೋಗುವ ಹಳದಿ ಬಣ್ಣದ ವೈರ್, ಕನೆಕ್ಟರ್ ಮಾತ್ರ ಮುಟ್ಟಬೇಡಿ.

ಕಾರ್ಪೆಟ್ ಒದ್ದೆ, ಗಾಜು ಮಬ್ಬು

ವೈಪರಿನ ಕೆಳಗಿನ ಜಾಲರಿ ಎತ್ತಿ ನೋಡಿ. ಸಿಲ್ವರ್ ಓಕ್ ಎಲೆ ಬಿದ್ದು ನೀರು ಹೋಗುವ ತೂತು ಮುಚ್ಚಿರುತ್ತದೆ. ನೀರು ಅಲ್ಲೇ ಕೆರೆ ಕಟ್ಟಿ ಒಳಗೆ ಇಳಿಯುತ್ತದೆ. ಕೈಯಿಂದ ಎಲೆ ತೆಗೆದು ಒಂದು ಚೊಂಬು ನೀರು ಸುರಿಯಿರಿ, ಚಕ್ರದ ಹಿಂದೆ ಹರಿದು ಬಂದರೆ ದಾರಿ ತೆರೆದಿದೆ. ಹಲವು ಗಾಡಿಗಳಲ್ಲಿ ಕಂಪ್ಯೂಟರ್, ಫ್ಯೂಸ್ ಡಬ್ಬಿ ಹತ್ತಿರದಲ್ಲೇ ಇರುತ್ತವೆ. ಹಾಗಾಗಿ ಇದನ್ನು ಮೇ ತಿಂಗಳಲ್ಲೇ ಮಾಡಿ ಮುಗಿಸಿ.

ಬಂಪರಿನ ಕೆಳಗೆ ಫಿಲ್ಟರ್ ಇಳಿಸುವ ಇಂಟೇಕ್ ಹಾಕಿಸಿದ್ದರೆ ನಿಂತ ನೀರಿಗೆ ಇಳಿಯಬೇಡಿ. 2018, 2019ರ ಆಗಸ್ಟ್‌ನಲ್ಲಿ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದು ನೆನಪಿದೆ ಅಲ್ವಾ? ನೀರಿನಲ್ಲಿ ನಿಂತ ಗಾಡಿಯನ್ನು ನೀರು ಇಳಿದ ಮೇಲೆ ಆಸೆಯಿಂದ ಒಂದು ಸಲ ಸ್ಟಾರ್ಟ್ ಮಾಡಿ ನೋಡಿದರೆ ಸಿಲಿಂಡರಿನಲ್ಲಿರುವ ನೀರು ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೀ ಮುಟ್ಟಬೇಡಿ. ಬ್ಯಾಟರಿ ಕಳಚಿ, ಫೋಟೋ ತೆಗೆದಿಡಿ, ಇನ್ಶೂರೆನ್ಸ್‌ಗೆ ಫೋನ್ ಮಾಡಿ, ಗಾಡಿಯನ್ನು ಎತ್ತಿಸಿಕೊಂಡು ಹೋಗಿ. ಗ್ಯಾರೇಜಿನವರು ಪ್ಲಗ್ ಬಿಚ್ಚಿ, ನೀರು ಹೊರಗೆ ಹಾಕಿ, ಆಯಿಲ್ ಬದಲಿಸಿದ ಮೇಲೆಯೇ ಇಂಜಿನ್ ತಿರುಗಿಸಬೇಕು.